ಒಬ್ಬರ ಮನೆಯ ನಾಯಿಯೇ, ನಾಯಿಯೆಂಬ ಕುಲವೇ? ನಾಯಿಯ ಕಲಾಕೃತಿ ಮಾಡಿ ಮಾರುವವರಿಗೊಂದು ಹೋಲಿಕೆಯ ಮಾರ್ಗದರ್ಶಿ

ನಾಯಿಯ ಚಿತ್ರ, ಮಣ್ಣಿನ ಮೂರ್ತಿ, ಉಣ್ಣೆಯ ಗೊಂಬೆ ಮೊದಲಾದವನ್ನು ಕೈಯಿಂದ ಮಾಡಿ, ಮಾರಿ, ಅದರಿಂದ ಒಂದಿಷ್ಟು ಸಂಪಾದಿಸಬೇಕೆಂದು ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ "ಎಲ್ಲಿ ಮಾರಲಿ?" ಎಂಬುದಾಗಿರುತ್ತದೆ. ಹಲವು ವರ್ಷ ಈ ಕೆಲಸ ಮಾಡಿದ ಮೇಲೆ ನನಗೆ ಅನ್ನಿಸಿರುವಂತೆ ಅದು ಎರಡನೆಯ ಪ್ರಶ್ನೆ. ಅದಕ್ಕೂ ಮೊದಲು ತೀರ್ಮಾನವಾಗಬೇಕಾದದ್ದು, ನಾವು ಚಿತ್ರಿಸುವುದು ಹೆಸರಿರುವ ಒಂದು ನಾಯಿಯನ್ನೋ ಅಥವಾ ಯಾರ ಮನೆಯದೂ ಅಲ್ಲದ, ಎಲ್ಲರೂ ಗುರುತಿಸಬಲ್ಲ ನಾಯಿಯೆಂಬ ಕುಲವನ್ನೋ ಎಂಬುದು. ಬೆಲೆ, ಮಾಧ್ಯಮ, ಮಾರುವ ಜಾಗ, ಕೃತಿಯ ಮೇಲಿನ ಹಕ್ಕು, ಕೊನೆಗೆ ಪೆಟ್ಟಿಗೆ ಕಟ್ಟುವ ಬಗೆ ಕೂಡ ಈ ಒಂದು ತೀರ್ಮಾನವನ್ನೇ ಅವಲಂಬಿಸಿವೆ.

ಈ ವ್ಯತ್ಯಾಸ ನಮ್ಮ ನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು ಕ್ರಿ.ಶ. 950ರ ಶಾಸನದ ಕಲ್ಲಿನ ಮೇಲೆ ನಾಯಿಯೊಂದು ಕಾಡುಹಂದಿಯೊಡನೆ ಹೋರಾಡುತ್ತಿರುವ ಶಿಲ್ಪವಿದೆ. ಆ ನಾಯಿಯ ಹೆಸರು ಕಾಳಿ. ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನೆಂಬ ವೀರನು ತನ್ನ ಒಡೆಯನಿಂದ ಮೆಚ್ಚುಗೆಯಾಗಿ ಬೇಡಿ ಪಡೆದ ನಾಯಿ ಅದು. ಹಂದಿಯೂ ಕಾಳಿಯೂ ಹೋರಾಡಿ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಲಾಯಿತು. ಇದು ಒಂದು ನಿರ್ದಿಷ್ಟ ನಾಯಿಯ ಸ್ಮಾರಕ. ಅದೇ 2005ರಲ್ಲಿ ಅಂಚೆ ಇಲಾಖೆ ಭಾರತೀಯ ನಾಯಿ ತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಒಂದರ ಮೇಲೆ ಬಂದ ಮುಧೋಳ ನಾಯಿಗೆ ಹೆಸರಿಲ್ಲ, ಅದು ತಳಿಯ ಪ್ರತಿನಿಧಿ. ಮೊದಲನೆಯದು ಒಬ್ಬರ ದುಃಖಕ್ಕೆ ಉತ್ತರವಾಗಿ ಹುಟ್ಟಿದ್ದು, ಎರಡನೆಯದು ಎಲ್ಲರ ಹೆಮ್ಮೆಗಾಗಿ ಅಚ್ಚಾದದ್ದು. ಇಂದು ನಮ್ಮ ಬಳಿ ಬರುವ ಕೊಳ್ಳುವವರೂ ಈ ಎರಡು ಬಗೆಯವರೇ.

ಹೇಳಿ ಮಾಡಿಸುವ ಭಾವಚಿತ್ರ

ಮೊದಲ ಬಗೆಯನ್ನು ತೆಗೆದುಕೊಳ್ಳೋಣ. ನಾಯಿ ಸಾಕಿದವರು ಫೋಟೊ ಕಳುಹಿಸುತ್ತಾರೆ, ನಾವು ಚಿತ್ರವನ್ನೋ ಮೂರ್ತಿಯನ್ನೋ ಮಾಡಿಕೊಡುತ್ತೇವೆ. ಇದರ ದೊಡ್ಡ ಅನುಕೂಲವೆಂದರೆ ಕೆಲಸ ಆರಂಭಿಸುವ ಮೊದಲೇ ಕೊಳ್ಳುವವರು ಇರುತ್ತಾರೆ. ಮಾರಾಟವಾಗದೆ ಮನೆಯಲ್ಲಿ ಉಳಿಯುವ ಸರಕು ಎಂಬುದೇ ಇಲ್ಲ. ಮುಂಗಡ ಪಡೆದು ಕಾಗದ, ಬಣ್ಣ ಕೊಳ್ಳಬಹುದು, ಕೈಯಲ್ಲಿ ಬಂಡವಾಳವಿಲ್ಲದವರೂ ಆರಂಭಿಸಬಹುದು. ಇದಕ್ಕಿಂತ ಮುಖ್ಯವಾದ ಲಾಭ ಇನ್ನೊಂದಿದೆ. ಬೇರೆಬೇರೆ ನಾಯಿಗಳನ್ನು ನೋಡಿ ಬರೆಯಲೇಬೇಕಾದ ಒತ್ತಡದಲ್ಲಿ ಕೈ ಪಳಗುವಷ್ಟು ವೇಗವಾಗಿ ಬೇರಾವ ಅಭ್ಯಾಸದಲ್ಲೂ ಪಳಗುವುದಿಲ್ಲ.

ಕಷ್ಟವಿರುವುದು ಹೋಲಿಕೆಯಲ್ಲಿ. ಮುಧೋಳ ನಾಯಿಯ ಚಿತ್ರದಲ್ಲಿ ಕಿವಿ ಒಂದಿಷ್ಟು ಅತ್ತಿತ್ತಾದರೆ ಯಾರೂ ದೂರುವುದಿಲ್ಲ. ಆದರೆ ಹನ್ನೆರಡು ವರ್ಷ ತಮ್ಮ ಮಂಚದ ಕೆಳಗೆ ಮಲಗಿದ್ದ ನಾಯಿಯ ಹುಬ್ಬಿನ ಕಂದು ಚುಕ್ಕೆ ಕಾಲಿಂಚು ಮೇಲಕ್ಕೆ ಹೋದರೂ ಮನೆಯವರಿಗೆ ತಕ್ಷಣ ಗೊತ್ತಾಗುತ್ತದೆ. ಆರಂಭದ ದಿನಗಳಲ್ಲಿ ನಾನು ತೀರಿಹೋದ ನಾಯಿಯೊಂದರ ಚಿತ್ರವನ್ನು ಒಂದೇ ಒಂದು ಫೋಟೊ ನೋಡಿ ಬರೆದುಕೊಟ್ಟೆ. ಮೊಬೈಲನ್ನು ಮುಖದ ಹತ್ತಿರ ಹಿಡಿದು ತೆಗೆದ ಫೋಟೊ ಅದು. ಅಷ್ಟು ಹತ್ತಿರದಿಂದ ತೆಗೆದಾಗ ಮೂಗು ಉಬ್ಬಿ ಕಿವಿಗಳು ಹಿಂದೆ ಸರಿದು ಚಿಕ್ಕದಾಗುತ್ತವೆ ಎಂಬುದನ್ನು ಗಮನಿಸದೆ ನಾನು ಅದನ್ನು ನಿಷ್ಠೆಯಿಂದ ನಕಲು ಮಾಡಿದ್ದೆ. ಆ ಮನೆಯ ಹುಡುಗಿ ಚಿತ್ರವನ್ನು ಬಹಳ ಹೊತ್ತು ನೋಡಿ, "ಚೆನ್ನಾಗಿದೆ ಅಕ್ಕ, ಆದರೆ ಇದು ನಮ್ಮ ರಾಜ ಅಲ್ಲ" ಎಂದಳು. ಅವರಿಂದ ಇನ್ನಷ್ಟು ಫೋಟೊಗಳನ್ನು ಕೇಳಿ ಪಡೆದು ಇನ್ನೊಂದು ಚಿತ್ರ ಬರೆದುಕೊಟ್ಟೆ. ಅಂದಿನಿಂದ ಮುಂಗಡ ಪಡೆಯುವ ಮೊದಲೇ ಫೋಟೊಗಳನ್ನು ನೋಡುತ್ತೇನೆ, ಸಾಲದಿದ್ದರೆ ಕೆಲಸ ಒಪ್ಪಿಕೊಳ್ಳುವುದಿಲ್ಲ.

ಬದುಕಿರುವ ನಾಯಿಯಾದರೆ ಸ್ಪಷ್ಟವಾಗಿ ಇಷ್ಟನ್ನು ಕೇಳಬೇಕು: ಫೋಟೊ ತೆಗೆಯುವವರು ನಾಯಿಯ ಕಣ್ಣಿನ ಮಟ್ಟಕ್ಕೆ ಕುಳಿತು, ನಾಲ್ಕೈದು ಅಡಿ ದೂರದಿಂದ ಜೂಮ್ ಮಾಡಿ, ಹಗಲಿನಲ್ಲಿ, ನಾಯಿಯು ಬಾಗಿಲ ಹೊಸ್ತಿಲ ಬಳಿಯೋ ಕಿಟಕಿಯ ಬಳಿಯೋ ಇರುವಾಗ ತೆಗೆಯಲಿ. ಫ್ಲ್ಯಾಶ್ ಬಳಸಬಾರದು, ಏಕೆಂದರೆ ನಾಯಿಯ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಹಿಂದಕ್ಕೆ ಕಳುಹಿಸುವ ಪದರವಿರುವುದರಿಂದ ಕಣ್ಣು ಹಸಿರಾಗಿ ಹೊಳೆದು ಅದರ ನಿಜವಾದ ಬಣ್ಣ ಸಿಗುವುದಿಲ್ಲ. ಕಪ್ಪು ನಾಯಿಗೆ ಬೆಳಕು ಇನ್ನೂ ಮುಖ್ಯ. ಜಲವರ್ಣದಲ್ಲಿ ಕಪ್ಪು ನಾಯಿಯನ್ನು ಟ್ಯೂಬಿನ ಕಪ್ಪಿನಿಂದಲೇ ತುಂಬಿಸಿದರೆ ಅದು ಕಾಗದದಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಕಂದು ಬೆರೆಸಿ ಮಾಡಿದ ಕಪ್ಪಿನಲ್ಲಿ ಬಿಸಿಲು ಬಿದ್ದ ಕಡೆ ನೀಲಿಯನ್ನೂ ನೆರಳಿನ ಅಂಚಿನಲ್ಲಿ ಕಂದನ್ನೂ ಹೆಚ್ಚಿಸುವ ಅವಕಾಶವಿರುತ್ತದೆ. ಬೀದಿಯಿಂದ ತಂದು ಸಾಕಿದ ನಾಯಿಗಳಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯ ಗುರುತಾಗಿ ಕಿವಿಯ ಅಂಚು ಕತ್ತರಿಸಿರುವುದುಂಟು. ಅದನ್ನು "ಸರಿಪಡಿಸಿ" ಬರೆಯಬಾರದು. ಸಾಕಿದವರಿಗೆ ಆ ಕಿವಿಯೇ ಅವರ ನಾಯಿ.

ತೀರಿಹೋದ ನಾಯಿಯ ಕೆಲಸ ಒಪ್ಪಿಕೊಳ್ಳಬೇಕೇ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಮನಸ್ಸನ್ನು ಕೇಳಿಕೊಂಡು ನಿರ್ಧರಿಸಬೇಕು. ಅಂಥ ಕೆಲಸಗಳು ಧಾರಾಳವಾಗಿ ಬರುತ್ತವೆ, ಹಣದ ಚೌಕಾಶಿಯೂ ಕಡಿಮೆ. ಆದರೆ ಕೇಳಲು ಬಂದವರು ಅಳುತ್ತಾರೆ, ರಾತ್ರಿ ಹನ್ನೊಂದಕ್ಕೆ ಹಳೆಯ ವಿಡಿಯೊಗಳನ್ನು ಕಳುಹಿಸುತ್ತಾರೆ, ಮತ್ತು ಅವರ ಮಾತನ್ನು ತಾಳ್ಮೆಯಿಂದ ಕೇಳುವುದೂ ನಮ್ಮ ಕೆಲಸದ ಭಾಗವಾಗುತ್ತದೆ. ತಿಂಗಳಿಗೆ ಇಂಥ ಎರಡಕ್ಕಿಂತ ಹೆಚ್ಚು ಕೆಲಸ ನಾನು ಒಪ್ಪಿಕೊಳ್ಳುವುದಿಲ್ಲ. ಹೆಚ್ಚಾದಾಗ ಕೈ ಯಾಂತ್ರಿಕವಾಗಿ ಓಡುವುದನ್ನು ನಾನೇ ಕಂಡಿದ್ದೇನೆ, ಆ ಮನೆಯವರಿಗೆ ಅದು ಸಲ್ಲದು.

ನಮ್ಮದೇ ವಿನ್ಯಾಸದ ನಾಯಿ

ಎರಡನೆಯ ಬಗೆಯಲ್ಲಿ ನಾವು ಮೊದಲು ಮಾಡುತ್ತೇವೆ, ಆಮೇಲೆ ಕೊಳ್ಳುವವರನ್ನು ಕಾಯುತ್ತೇವೆ. ಚಹಾ ಅಂಗಡಿಯ ಬೆಂಚಿನ ಕೆಳಗೆ ಸುರುಳಿಯಾಗಿ ಮಲಗಿದ ಬೀದಿ ನಾಯಿ, ಉದ್ದನೆಯ ಕಿರಿದಾದ ತಲೆ, ಆಳವಾದ ಎದೆ, ಒಳಸೇರಿದ ಹೊಟ್ಟೆಯ ಮುಧೋಳ ನಾಯಿ, ಕಾಲಭೈರವನ ಜೊತೆಗಿರುವ ನಾಯಿ, ಹೀಗೆ ವಸ್ತುಗಳಿಗೆ ಬರವಿಲ್ಲ. ಆತಕೂರಿನ ಕಾಳಿಯ ಶಿಲ್ಪದ ಮೇಲೆ ಇಂದು ಯಾರ ಕೃತಿಸ್ವಾಮ್ಯವೂ ಇಲ್ಲ. ವಸ್ತುಸಂಗ್ರಹಾಲಯಕ್ಕೆ ಹೋಗಿ ನೋಡಿ ನಮ್ಮದೇ ರೇಖೆಯಲ್ಲಿ ಬರೆಯಬಹುದು. ಇಷ್ಟು ಸೊಗಸಾದ ವಸ್ತು ಕೈಗೆಟುಕುವಷ್ಟು ಹತ್ತಿರವಿದ್ದರೂ ನಮ್ಮ ಮಳಿಗೆಗಳಲ್ಲಿ ಪಗ್ ಮತ್ತು ಲ್ಯಾಬ್ರಡಾರ್ ಚಿತ್ರಗಳೇ ತುಂಬಿರುವುದು ನನಗೆ ಬೇಸರ ತರಿಸುತ್ತದೆ.

ಈ ದಾರಿಯ ಲೆಕ್ಕಾಚಾರವೇ ಬೇರೆ. ಭಾವಚಿತ್ರಕ್ಕೆ ಹತ್ತು ಗಂಟೆ ಹಿಡಿದರೆ ಆ ಹತ್ತು ಗಂಟೆಯ ಕೂಲಿ ಒಬ್ಬರಿಂದಲೇ ಬರಬೇಕು. ಸ್ವಂತ ವಿನ್ಯಾಸಕ್ಕೆ ಅದೇ ಹತ್ತು ಗಂಟೆ ಹಿಡಿದು, ಅದರಿಂದ 40 ಮುದ್ರಿತ ಪ್ರತಿಗಳು ಮಾರಾಟವಾದರೆ ಒಂದೊಂದು ಪ್ರತಿಯ ಮೇಲೆ ಬೀಳುವುದು ಹದಿನೈದು ನಿಮಿಷದ ಕೂಲಿ ಮಾತ್ರ. ಆದರೆ ಆ ನಲವತ್ತು ಜನ ಸಿಗುತ್ತಾರೆಯೇ ಎಂಬುದು ಮೊದಲೇ ತಿಳಿಯುವುದಿಲ್ಲ. ಅಚ್ಚು ಹಾಕಿಸಿದ ಹಣ ಕಪಾಟಿನಲ್ಲಿ ಕುಳಿತಿರುತ್ತದೆ. ಹಾಗಾಗಿ ಮೊದಲ ಸಲ ಹತ್ತಕ್ಕಿಂತ ಹೆಚ್ಚು ಪ್ರತಿ ತೆಗೆಸುವುದು ಬೇಡ. ಇನ್ನೊಂದು ವಿಷಯದಲ್ಲಿ ಪ್ರಾಮಾಣಿಕತೆ ಬೇಕು: ಯಂತ್ರದಲ್ಲಿ ಮುದ್ರಿಸಿದ ಪ್ರತಿಯನ್ನು "ಕೈಯಿಂದ ಮಾಡಿದ್ದು" ಎಂದು ಮಾರಬಾರದು. ಮೂಲ ಚಿತ್ರ ಕೈಯದು, ಪ್ರತಿ ಮುದ್ರಣದ್ದು ಎಂದು ಕೆಳಗೆ ಬರೆದರೆ ಕೊಳ್ಳುವವರು ಬೇಸರಿಸಿಕೊಳ್ಳುವುದಿಲ್ಲ.

ನನ್ನ ಸಲಹೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹೊಸಬರು ಮೊದಲ ವರ್ಷ ಭಾವಚಿತ್ರಗಳಿಂದ ಆರಂಭಿಸುವುದು ಒಳ್ಳೆಯದು. ಜೊತೆಗೆ ವಾರದಲ್ಲಿ ಒಂದು ದಿನವನ್ನು ಸ್ವಂತ ವಿನ್ಯಾಸಕ್ಕೆಂದು ಮೀಸಲಿಟ್ಟು ಅದನ್ನು ಯಾವ ಗ್ರಾಹಕರಿಗೂ ಬಿಟ್ಟುಕೊಡಬಾರದು. ಭಾವಚಿತ್ರವೊಂದನ್ನೇ ನೆಚ್ಚಿಕೊಂಡರೆ ಕಲಾವಿದರು ಕಾಯಿಲೆ ಬಿದ್ದ ವಾರ ಆದಾಯವೂ ನಿಲ್ಲುತ್ತದೆ. ಸ್ವಂತ ವಿನ್ಯಾಸವನ್ನಷ್ಟೇ ನೆಚ್ಚಿಕೊಂಡು ಆರಂಭಿಸಿದವರಾದರೋ ಮೊದಲ ಕೆಲವು ತಿಂಗಳಲ್ಲೇ ನಿರಾಶರಾಗಿ ಬಿಟ್ಟುಬಿಡುವುದನ್ನು ಹೆಚ್ಚಾಗಿ ಕಂಡಿದ್ದೇನೆ.

ಕೃತಿಯ ಹಕ್ಕು ಯಾರದು?

ಈ ಎರಡು ದಾರಿಗಳ ನಡುವಿನ, ಹೆಚ್ಚಿನವರು ಗಮನಿಸದ ವ್ಯತ್ಯಾಸ ಕಾನೂನಿನಲ್ಲಿದೆ. ಸಾಮಾನ್ಯವಾಗಿ ಚಿತ್ರ ಬರೆದವರೇ ಅದರ ಕೃತಿಸ್ವಾಮ್ಯದ ಮೊದಲ ಒಡೆಯರು. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಒಬ್ಬರು ಹಣ ಕೊಟ್ಟು ಹೇಳಿ ಬರೆಸಿದ ಚಿತ್ರದ ಅಥವಾ ಭಾವಚಿತ್ರದ ಮೊದಲ ಒಡೆಯರು, ಬೇರೆ ಒಪ್ಪಂದವಿಲ್ಲದಿದ್ದರೆ, ಹಾಗೆ ಬರೆಸಿದವರೇ. ಅಂದರೆ ನೀವು ಬರೆದುಕೊಟ್ಟ ನಾಯಿಯ ಚಿತ್ರವನ್ನು ಆಮೇಲೆ ನೀವೇ ಶುಭಾಶಯ ಪತ್ರದ ಮೇಲೆ ಮುದ್ರಿಸಿ ಮಾರಬೇಕೆಂದರೆ ಅವರ ಒಪ್ಪಿಗೆ ಬೇಕಾಗುತ್ತದೆ. ಆದ್ದರಿಂದ ಕೆಲಸ ಒಪ್ಪಿಕೊಳ್ಳುವಾಗಲೇ ಎರಡು ಸಾಲು ಬರೆದು ಇಬ್ಬರೂ ಒಪ್ಪಿಕೊಳ್ಳಬೇಕು: ಕೃತಿಸ್ವಾಮ್ಯ ಯಾರಲ್ಲಿ ಉಳಿಯುತ್ತದೆ, ಮತ್ತು ಚಿತ್ರವನ್ನು ಕಲಾವಿದರು ತಮ್ಮ ಕೆಲಸದ ಮಾದರಿಯಾಗಿ ತೋರಿಸಬಹುದೇ ಎಂದು. ಕೃತಿಸ್ವಾಮ್ಯವನ್ನು ಮನೆಯವರಿಗೇ ಬಿಟ್ಟು ಪ್ರದರ್ಶಿಸುವ ಅನುಮತಿಯನ್ನಷ್ಟೇ ನಾನು ಕೇಳುತ್ತೇನೆ. ಅವರ ನಾಯಿಯ ಮುಖ ಇನ್ನೊಬ್ಬರ ಚಹಾ ಲೋಟದ ಮೇಲೆ ಬರುವುದು ನನಗೂ ಸರಿ ಕಾಣುವುದಿಲ್ಲ.

ಸ್ವಂತ ವಿನ್ಯಾಸದಲ್ಲಿ ಹಕ್ಕು ನಮ್ಮದೇ, ಆದರೆ ಅಲ್ಲಿಯೂ ಒಂದು ತೊಡಕಿದೆ. ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವೊಂದನ್ನು ಅದರ ಒಡೆಯರು ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ಬಾರಿ ವಸ್ತುಗಳಿಗೆ ಅಳವಡಿಸಿದರೆ, ಆ ವಿನ್ಯಾಸದ ಮೇಲಿನ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ ಎಂದು ಅದೇ ಕೃತಿಸ್ವಾಮ್ಯ ಕಾಯ್ದೆಯ 15ನೆಯ ಕಲಮು ಹೇಳುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದು ನೂರಾರು ನಾಯಿಗಳನ್ನು ಮಾಡಲು ಹೊರಟವರು ಮೊದಲೇ ನೋಂದಣಿಯ ವಿಚಾರ ಮಾಡಬೇಕು. ಅಂತರ್ಜಾಲದಲ್ಲಿ ಸಿಕ್ಕ ನಾಯಿಯ ಫೋಟೊ ನೋಡಿ ಬರೆದು ಮಾರುವುದಂತೂ ಎರಡೂ ದಾರಿಯಲ್ಲಿ ತಪ್ಪು, ಆ ಫೋಟೊ ತೆಗೆದವರ ಹಕ್ಕು ಅದರಲ್ಲಿದೆ.

ಯಾವ ಮಾಧ್ಯಮ?

ಜಲವರ್ಣ, ಪೆನ್ಸಿಲ್ ಮತ್ತು ತೈಲವರ್ಣಗಳು ನಿರ್ದಿಷ್ಟ ನಾಯಿಯ ಹೋಲಿಕೆಗೆ ಸಲ್ಲುವ ಮಾಧ್ಯಮಗಳು. ಇವುಗಳಲ್ಲಿ ಆರಂಭದ ಖರ್ಚು ಜಲವರ್ಣಕ್ಕೆ ಮತ್ತು ಪೆನ್ಸಿಲಿಗೆ ಕಡಿಮೆ. ಆದರೆ ಕಾಗದದಲ್ಲಿ ಉಳಿತಾಯ ಮಾಡಬಾರದು. 300 ಜಿಎಸ್ಎಂ (ಒಂದು ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪದ, ಆಮ್ಲರಹಿತವಾದ ಹತ್ತಿಯ ಕಾಗದವನ್ನೇ ಬಳಸಬೇಕು, ಬಣ್ಣದ ಟ್ಯೂಬಿನ ಮೇಲೆ ಬೆಳಕಿಗೆ ಮಾಸದಿರುವ ಗುಣದ ಗುರುತನ್ನು ನೋಡಿಯೇ ಕೊಳ್ಳಬೇಕು. ಸ್ಮಾರಕವೆಂದು ಗೋಡೆಗೆ ತೂಗುಹಾಕಿದ ಚಿತ್ರ ಐದು ವರ್ಷಕ್ಕೆ ಮಾಸಿದರೆ ಆ ಮನೆಯವರಿಗೆ ಎರಡನೆಯ ಬಾರಿ ನೋವು ಕೊಟ್ಟಂತಾಗುತ್ತದೆ.

ಮರದ ಕಡೆಗೆ ಹೋದರೆ ನೆನಪಾಗುವುದು ಚನ್ನಪಟ್ಟಣ. ಅಲ್ಲಿ ಹಾಲೆ ಮರವನ್ನು ತಿರುಗಣಿಯಲ್ಲಿ ತಿರುಗಿಸುತ್ತಲೇ ಬಣ್ಣದ ಅರಗನ್ನು ಒತ್ತುತ್ತಾರೆ, ಉಜ್ಜಿದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ತಿರುಗಣಿಯಿಂದ ಬರುವ ಆಕಾರಗಳು ದುಂಡಗಿನವು, ಹಾಗಾಗಿ ಅದು ರಾಜನಂಥ ನಿರ್ದಿಷ್ಟ ನಾಯಿಯೊಂದರ ಮುಖವನ್ನು ಕೊಡಲಾರದು, ನಾಯಿಯೆಂಬ ಕುಲವನ್ನು ಮುದ್ದಾಗಿ ಕೊಡಬಲ್ಲದು. ಅಲ್ಲಿಯ ಕುಶಲಕರ್ಮಿಗಳಿಂದ ಆಕಾರ ಮಾಡಿಸಿ ಮುಖವನ್ನು ನೀವು ಬರೆಯುವುದಾದರೆ ಎರಡೂ ಕೈಗಳ ಕೆಲಸವನ್ನು ಚೀಟಿಯಲ್ಲಿ ಹೇಳಬೇಕು. ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಸೂಚಿಕೆಯ ರಕ್ಷಣೆ ಇರುವುದರಿಂದ ಬೇರೆಡೆ ಮಾಡಿದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಅದೇ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗಳ ವಿಗ್ರಹಗಳನ್ನಿಟ್ಟು ಪೂಜಿಸುವ ಗುಡಿಯೂ ಇದೆ. ಗೊಂಬೆ ಮಾಡಿಸಲು ಹೋದವರು ಅದನ್ನು ನೋಡಿಕೊಂಡು ಬರಲಿ.

ಉಣ್ಣೆಯನ್ನು ಮುಳ್ಳುಸೂಜಿಯಿಂದ ಚುಚ್ಚಿ ಚುಚ್ಚಿ ಗಟ್ಟಿಗೊಳಿಸುವ ವಿಧಾನ ಎರಡೂ ದಾರಿಗೆ ಹೊಂದುತ್ತದೆ, ಹಗುರವಾಗಿರುವುದರಿಂದ ಅಂಚೆ ಖರ್ಚೂ ಕಡಿಮೆ. ನಮ್ಮ ಕಡೆಯ ಕುರಿಗಳ ಒರಟು ಉಣ್ಣೆ ಒಳಗಿನ ತಿರುಳಿಗೆ ಒಗ್ಗುತ್ತದೆ, ಮೇಲಿನ ಮೈಗೆ ನವುರಾದ ಉಣ್ಣೆ ಬೇಕು. ಮಣ್ಣಿನ ಮೂರ್ತಿಗೆ ಸುಡುವ ಗೂಡಿನ ವ್ಯವಸ್ಥೆ ಇರಬೇಕು. ಒಳಗೆ ಪೊಳ್ಳು ಮಾಡದೆ ದಪ್ಪ ಬಿಟ್ಟು, ಪೂರ್ತಿ ಒಣಗದೆ ಸುಟ್ಟರೆ ಮೂರ್ತಿ ಸಿಡಿಯುತ್ತದೆ.

ಎಲ್ಲಿ ಮಾರಬೇಕು?

ಭಾವಚಿತ್ರ ಮಾಡುವವರಿಗೆ ಅಂಗಡಿ ಬೇಕಿಲ್ಲ. ಇನ್‌ಸ್ಟಾಗ್ರಾಮ್, ವಾಟ್ಸ್ಆ್ಯಪ್ ಮತ್ತು ಒಬ್ಬರಿಂದೊಬ್ಬರಿಗೆ ಹೋಗುವ ಮಾತು ಸಾಕು. ಮಧ್ಯವರ್ತಿಯ ಪಾಲಿಲ್ಲ, ಹಣ ಯುಪಿಐ ಮೂಲಕ ನೇರವಾಗಿ ಬರುತ್ತದೆ. ಅದರ ಬೆಲೆಯನ್ನು ನಾವು ಸಮಯದಲ್ಲಿ ತೆರುತ್ತೇವೆ: ಒಂದು ಕೆಲಸಕ್ಕೆ ಎರಡು ಮೂರು ಗಂಟೆಯ ಮಾತುಕತೆಯಾದರೂ ಆಗುತ್ತದೆ, ಅದನ್ನು ಕೂಲಿಯಲ್ಲಿ ಸೇರಿಸದಿರುವುದೇ ಹೊಸಬರ ದೊಡ್ಡ ತಪ್ಪು.

ಸ್ವಂತ ವಿನ್ಯಾಸದವರಿಗೆ ಜನ ಕಣ್ಣಾರೆ ನೋಡುವ ಜಾಗ ಬೇಕು. ಕರ್ನಾಟಕ ಚಿತ್ರಕಲಾ ಪರಿಷತ್ತು ಪ್ರತಿ ಜನವರಿಯ ಆರಂಭದ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಗೆ ಸಮನಾದುದು ನನ್ನ ಲೆಕ್ಕದಲ್ಲಿ ಇನ್ನೊಂದಿಲ್ಲ. ಸಾವಿರಕ್ಕೂ ಹೆಚ್ಚು ಕಲಾವಿದರ ನಡುವೆ ನಾಯಿಯ ಚಿತ್ರಗಳನ್ನಷ್ಟೇ ಇಟ್ಟ ಮಳಿಗೆ ದೂರದಿಂದಲೇ ಎದ್ದು ಕಾಣುತ್ತದೆ, ಮಕ್ಕಳು ಅಪ್ಪ ಅಮ್ಮಂದಿರನ್ನು ಎಳೆದುಕೊಂಡು ಬರುತ್ತಾರೆ. ಅಲ್ಲಿ ಮೂಲ ಚಿತ್ರಕ್ಕಿಂತ ಸಣ್ಣ ಬೆಲೆಯ ಪ್ರತಿಗಳೇ ಹೆಚ್ಚು ಖರ್ಚಾಗುತ್ತವೆ, ಮತ್ತು ಭಾವಚಿತ್ರದ ಕೆಲಸಗಳು ಅಲ್ಲಿ ಕೊಟ್ಟ ವಿಳಾಸಚೀಟಿಯಿಂದ ತಿಂಗಳುಗಳ ನಂತರ ಬರುತ್ತವೆ. ಆದರೆ ಅದು ವರ್ಷಕ್ಕೊಂದೇ ದಿನ.

ಅಂಗಡಿಗಳಲ್ಲಿ, ನಾಯಿಸಾಮಗ್ರಿ ಮಳಿಗೆಗಳಲ್ಲಿ ಮಾರಾಟವಾದ ಮೇಲೆ ಹಣ ಕೊಡುವ ಷರತ್ತಿನ ಮೇಲೆ ಇಡುವುದು ಇನ್ನೊಂದು ದಾರಿ. ಲೆಕ್ಕಕ್ಕೊಂದು ಉದಾಹರಣೆ ಹಾಕೋಣ. ಚಿತ್ರವೊಂದಕ್ಕೆ ಕಾಗದ ಬಣ್ಣ 200 ರೂಪಾಯಿ, ಫ್ರೇಮಿಗೆ 800, ಪ್ಯಾಕಿಂಗಿಗೆ 150, ಗಂಟೆಗೆ 250ರಂತೆ ಹತ್ತು ಗಂಟೆಯ ಕೂಲಿ 2,500 ಎಂದಾದರೆ ಒಟ್ಟು 3,650 ರೂಪಾಯಿ. ಅಂಗಡಿಯವರು ಶೇ. 35 ಇಟ್ಟುಕೊಳ್ಳುವುದಾದರೆ ನಮ್ಮ ಕೈಗೆ ಅಷ್ಟೇ ಬರಲು ಬೆಲೆಚೀಟಿಯಲ್ಲಿ ಸುಮಾರು 5,615 ರೂಪಾಯಿ ಬರೆಯಬೇಕು. ಮತ್ತು ಅದೇ ಚಿತ್ರವನ್ನು ನೇರವಾಗಿ 3,650ಕ್ಕೆ ಮಾರಿದರೆ ಅಂಗಡಿಯವರಿಗೆ ಮೋಸ ಮಾಡಿದಂತಾಗುತ್ತದೆ. ಬೆಲೆ ಎಲ್ಲೆಡೆ ಒಂದೇ ಇರಬೇಕು. ನನ್ನ ಹನ್ನೆರಡು ಚಿತ್ರಗಳನ್ನು ಇಟ್ಟುಕೊಂಡಿದ್ದ ಅಂಗಡಿಯೊಂದು ಮುಚ್ಚಿದಾಗ ರಸೀತಿ ಇಲ್ಲದ ಕಾರಣ ಏಳು ಚಿತ್ರಗಳು ಮರಳಿ ಬರಲೇ ಇಲ್ಲ. ಕೊಟ್ಟ ಪ್ರತಿಯೊಂದು ವಸ್ತುವಿಗೂ ಸಹಿ ಹಾಕಿಸಿಕೊಂಡ ಪಟ್ಟಿ ಇಟ್ಟುಕೊಳ್ಳಿ.

ಹೊರದೇಶದ ಗ್ರಾಹಕರಿಗೆ ಎಟ್ಸಿಯಂಥ ಜಾಲಮಳಿಗೆ ಇದೆ. ಅಲ್ಲಿ ಒಂದು ವಸ್ತುವನ್ನು ಪಟ್ಟಿಗೆ ಹಾಕಲು 0.20 ಡಾಲರ್, ಅದು ನಾಲ್ಕು ತಿಂಗಳಿಗೆ, ಮಾರಾಟವಾದಾಗ ಶೇ. 6.5, ಅದರ ಮೇಲೆ ಹಣ ಪಾವತಿಯ ಶುಲ್ಕ. ಹೊರಗಿನ ಜಾಹೀರಾತಿನ ಮೂಲಕ ಬಂದ ಮಾರಾಟಕ್ಕೆ ಸಣ್ಣ ಮಾರಾಟಗಾರರಿಂದ ಇನ್ನೂ ಶೇ. 15 ಕಡಿತವಾಗುತ್ತದೆ, ಬೇಡವಾದರೆ ಅವರು ಅದರಿಂದ ಹೊರಗುಳಿಯಬಹುದು. ರಫ್ತಿಗೆ ಆಮದು–ರಫ್ತು ಸಂಕೇತ ಸಂಖ್ಯೆ ಬೇಕು. ಅಮೆರಿಕಕ್ಕೆ 800 ಡಾಲರ್‌ವರೆಗಿನ ಪೊಟ್ಟಣಗಳಿಗಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಂದು ನಿಂತುಹೋದ ಕಾರಣ, ಸುಂಕ ಯಾರು ಕಟ್ಟಬೇಕೆಂಬುದನ್ನು ಮೊದಲೇ ತಿಳಿಸಿ ಬೆಲೆ ಹೇಳಬೇಕು. ಅಲ್ಲಿರುವ ಕನ್ನಡಿಗರು ಊರಿನ ಮನೆಯ ನಾಯಿಯ ಚಿತ್ರ ಕೇಳಿದರೆ ನಾನು ಅದನ್ನು ಊರಿನ ಮನೆಗೇ ತಲುಪಿಸುತ್ತೇನೆ, ಬಂದಾಗ ಅವರೇ ಒಯ್ಯುತ್ತಾರೆ.

ತೆರಿಗೆಯಲ್ಲಿಯೂ ಕೈಕೆಲಸಕ್ಕೂ ಮುದ್ರಿತ ಪ್ರತಿಗೂ ವ್ಯತ್ಯಾಸವಿದೆ. ಸರಕು ಮಾರುವವರು ರಾಜ್ಯದೊಳಗೆ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಹೊರರಾಜ್ಯಕ್ಕೆ ಮಾರಲು ಸಾಮಾನ್ಯವಾಗಿ ನೋಂದಣಿ ಕಡ್ಡಾಯ, ಆದರೆ ಬಹುಪಾಲು ಕೈಯಿಂದಲೇ ಆದ ಕರಕುಶಲ ವಸ್ತುಗಳಿಗೆ 20 ಲಕ್ಷದವರೆಗೆ ವಿನಾಯಿತಿಯಿದೆ. ಯಂತ್ರದಲ್ಲಿ ಮುದ್ರಿಸಿದ ಪ್ರತಿಗೆ ಈ ಆಸರೆ ಸಿಗುವುದಿಲ್ಲ. ಜಾಲಮಳಿಗೆಗಳ ಮೂಲಕ ನೋಂದಣಿಯಿಲ್ಲದೆ ರಾಜ್ಯದೊಳಗೆ ಮಾರುವ ಅವಕಾಶ 2023ರ ಅಕ್ಟೋಬರ್ 1ರಿಂದ ಕೆಲವು ಷರತ್ತುಗಳೊಂದಿಗೆ ಬಂದಿದೆ. ವಹಿವಾಟು ಬೆಳೆಯುತ್ತಿದ್ದರೆ ತೆರಿಗೆ ಸಲಹೆಗಾರರನ್ನು ಒಮ್ಮೆ ಕಾಣಿ.

ಕಟ್ಟಿ ಕಳುಹಿಸುವುದು

ಇದನ್ನು ಕೊನೆಗೆ ಯೋಚಿಸುವವರೇ ಹೆಚ್ಚು, ಆದರೆ ಆಕೃತಿ ರೂಪಿಸುವಾಗಲೇ ಯೋಚಿಸಬೇಕಾದ ವಿಷಯವಿದು. ಚಿತ್ರವನ್ನು ಗಾಜಿನ ಫ್ರೇಮಿನೊಂದಿಗೆ ಕಳುಹಿಸುವುದಕ್ಕಿಂತ ಎರಡು ಗಟ್ಟಿ ರಟ್ಟಿನ ನಡುವೆ ಚಪ್ಪಟೆಯಾಗಿ ಕಳುಹಿಸಿ ಫ್ರೇಮನ್ನು ಅವರ ಊರಿನಲ್ಲೇ ಹಾಕಿಸಿಕೊಳ್ಳಲು ಹೇಳುವುದು ಇಬ್ಬರಿಗೂ ಉಳಿತಾಯ. ಮಣ್ಣಿನ ಮುಧೋಳ ನಾಯಿಯನ್ನು ನಾನು ಮೊದಮೊದಲು ನಾಲ್ಕು ಕಾಲಿನ ಮೇಲೆ ನಿಲ್ಲಿಸಿ, ಬಾಲವನ್ನು ಹಿಂದಕ್ಕೆ ಚಾಚಿ ಮಾಡುತ್ತಿದ್ದೆ, ನೋಡಲು ಅದೇ ಚೆಂದ. ಕಳುಹಿಸಿದ ಮೂರರಲ್ಲಿ ಎರಡು ಬಾಲ ಮುರಿದು ತಲುಪಿದವು. ಈಗ ಸಂತೆಯಲ್ಲಿ ಕೈಗೆ ಕೊಟ್ಟು ಮಾರುವ ನಾಯಿಗಳನ್ನು ಮಾತ್ರ ನಿಲ್ಲಿಸುತ್ತೇನೆ. ಅಂಚೆಯಲ್ಲಿ ಹೋಗುವ ನಾಯಿಗಳು ಮುಂಗಾಲು ಚಾಚಿ ಮಲಗಿರುತ್ತವೆ, ಅವುಗಳ ಬಾಲ ಹಿಂಗಾಲಿನ ಸುತ್ತ ಬಳಸಿ ಮೈಗೆ ಅಂಟಿಕೊಂಡಿರುತ್ತದೆ.